ಕೇಳೋಕಾ, ಹಾಡೋಕಾ?

ವಚನಗಳ ಒಳ್ಳೆ ರೆಕಾರ್ಡಿಂಗ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳೋದು ಒಂದೇ ಪ್ರಶ್ನೆ: ಕೇಳೋಕಾ, ಹಾಡೋಕಾ? ಎರಡಕ್ಕೂ ಒಂದೇ ಪಟ್ಟಿ ಕೊಡೋದು ತಪ್ಪು ಅನ್ನೋದು ನನ್ನ ವಾದ.

ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ನಮ್ಮ ಹಿರೇವಡ್ಡಟ್ಟಿಯಂಥ ಊರಲ್ಲಿ ಸಣ್ಣದಲ್ಲ. ಶ್ರಾವಣ ಬಂತೆಂದರೆ ಬೆಳಗ್ಗೆ ಐದಕ್ಕೇ ಗುಡಿ ಮೈಕು ಶುರು. "ತಮ್ಮಾ, ನೀ ಹೆಂಗೂ ಕಂಪ್ಯೂಟರ್ ಮುಂದ ಕೂಡಾಂವ, ಛಲೋ ವಚನ ಒಂದ್ ಪೆನ್‌ಡ್ರೈವಿಗೆ ತುಂಬಿ ಕೊಡು" ಅಂತಾರೆ ಹಿರಿಯರು. ಆ ಪೆನ್‌ಡ್ರೈವು ತಿಂಗಳುಗಟ್ಟಲೆ ತಿರುಗುತ್ತೆ. ಹೊಲಕ್ಕೆ ಹೋಗೋರು, ಶಾಲೆಗೆ ಹೋಗೋ ಹುಡುಗರು ಎಲ್ಲರ ಕಿವಿಗೂ ಬೀಳುತ್ತೆ. ಮುಂದಿನ ವರ್ಷ ಭಜನಿಯಲ್ಲಿ ಆ ವಚನ ಯಾರೇ ಎತ್ತಿಕೊಂಡರೂ ಪೆನ್‌ಡ್ರೈವಿನ ಧಾಟಿಯಲ್ಲೇ ಎತ್ತಿಕೊಳ್ತಾರೆ.

ಯಾಕೆ ಹೀಗೆ? ಕ್ರಿಸ್‌ಮಸ್ ಹಾಡುಗಳ ಜೊತೆ ಹೋಲಿಸಿ ನೋಡಿ. ನಮ್ಮ ಬೆಟಗೇರಿಗೆ ಬಾಸೆಲ್ ಮಿಶನ್ ಬಂದದ್ದು 1841ರಲ್ಲಿ. ಆ ಮಿಶನರಿಗಳು ಜರ್ಮನ್ ಧಾಟಿಗಳಿಗೆ ಕನ್ನಡ ಮಾತು ಹೊಂದಿಸಿದರು. ಅದೇ ಮಿಶನ್ನಿನ ಕಿಟೆಲ್ ಇನ್ನೊಂದು ದಾರಿ ಹಿಡಿದು, 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ್ದೇ ಛಂದಸ್ಸುಗಳಲ್ಲಿ ಹೇಳಿದರು. ಪಾಶ್ಚಾತ್ಯ ಧಾಟಿಗಳು ಸ್ವರಲಿಪಿಯಲ್ಲಿ ಅಚ್ಚಾಗಿವೆ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ 1918ರಿಂದ ನಡೆದು ಬಂದಿರೋ ಕ್ರಿಸ್‌ಮಸ್ ಹಾಡುಗಳ ಆರಾಧನೆಯನ್ನು ರೇಡಿಯೋದಲ್ಲಿ 1928ರಿಂದ ಜಗತ್ತು ಕೇಳುತ್ತಿದೆ. ಅಲ್ಲಿ ಒಬ್ಬ ಹುಡುಗ ಒಂಟಿ ದನಿಯಲ್ಲಿ ಶುರು ಮಾಡ್ತಾನೆ, ಆಮೇಲೆ ಗಾಯಕವೃಂದ, ಕಡೆಗೆ ನೆರೆದ ಜನರೆಲ್ಲ. ಅವರ ರೆಕಾರ್ಡಿಂಗ್ ಇಷ್ಟವಾಗದಿದ್ದರೆ ಪುಸ್ತಕ ತೆಗೆದು ಬೇರೆ ಥರ ಹಾಡಬಹುದು. ಧಾಟಿ ಕಾಗದದ ಮೇಲೆ ಭದ್ರವಾಗಿದೆ.

ವಚನಕ್ಕೆ ಈ ಅನುಕೂಲ ಇಲ್ಲ. ಸ್ವರವಚನಗಳಿಗೆ ಪಲ್ಲವಿ ಇದೆ, ಓಲೆಗರಿಗಳಲ್ಲಿ ರಾಗದ ಹೆಸರೂ ಇದೆ. ಆದರೆ ಉಳಿದ ವಚನಗಳು ಗದ್ಯಕ್ಕೆ ಹತ್ತಿರ. ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ' ತಂದಾಗ ಅಚ್ಚಾದದ್ದು ಮಾತು, ಧಾಟಿ ಅಲ್ಲ. ಧಾಟಿ ಹಬ್ಬಿದ್ದು ಗವಾಯಿಗಳ ಬಾಯಿಂದ, ಗ್ರಾಮಫೋನಿಂದ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಿಂದ, ಆಮೇಲೆ ಕ್ಯಾಸೆಟ್ಟಿಂದ. ಅಂದರೆ ನಮಗೆ ರೆಕಾರ್ಡಿಂಗೇ ಪುಸ್ತಕ. ಅದಕ್ಕೇ ಆರಿಸೋದರಲ್ಲಿ ಉದಾಸೀನ ಸಲ್ಲದು.

ಕೇಳೋಕಾದರೆ ನನ್ನ ಮತ ಮಲ್ಲಿಕಾರ್ಜುನ ಮನ್ಸೂರರಿಗೆ. ಜೈಪುರ-ಅತ್ರೌಲಿ ಘರಾಣೆಯ ಅಷ್ಟೂ ತಾಲೀಮು ಹೊತ್ತುಕೊಂಡು ವಚನಕ್ಕೆ ಇಳೀತಾರೆ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳೂ ಹಾಗೇ. ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರಬೇಕು. ಆದರೆ ಮೈಕಿನಲ್ಲಿ ಅದನ್ನು ಕೇಳಿಸಿ ಭಜನಿ ಮಂಡಳಿಗೆ "ಹಿಂಗ ಹಾಡ್ರಿ" ಅಂದರೆ ಮಂದಿ ಬಾಯಿ ಮುಚ್ಚಿ ಕೂರ್ತಾರೆ. ಅದು ಅವರ ತಪ್ಪೂ ಅಲ್ಲ, ಮನ್ಸೂರರ ತಪ್ಪೂ ಅಲ್ಲ.

ಹಾಡೋಕಾದರೆ ನಾನು ಮೂರು ಪರೀಕ್ಷೆ ಇಟ್ಟುಕೊಂಡಿದ್ದೀನಿ.

ಒಂದು, ಮಾತು. ಪುಸ್ತಕ ನೋಡದೆ ಒಂದೇ ಸಲ ಕೇಳಿ ಬರೆದುಕೊಳ್ಳೋಕೆ ಬರಬೇಕು. ಸಿದ್ಧರಾಮ ಜಂಬಲದಿನ್ನಿಯವರ ವಚನಗಳು ನನ್ನ ಕಿವಿಗೆ ಈ ಪರೀಕ್ಷೆ ಪಾಸು. ಕೀಬೋರ್ಡು, ರಿದಂ ಪ್ಯಾಡು ತುಂಬಿದ ಈಚಿನವು ಎಷ್ಟೋ ಫೇಲು.

ಎರಡು, ಅಂಕಿತ. ವಚನದ ಬಿಗಿ ಇರೋದು ಕೊನೆಯಲ್ಲಿ. ಕೂಡಲಸಂಗಮದೇವ ಅಂತಲೋ ಗುಹೇಶ್ವರ ಅಂತಲೋ ಕರೆಯೋ ಹೊತ್ತಿಗೆ ಅಲ್ಲಿವರೆಗೆ ಹೇಳಿದ್ದೆಲ್ಲ ಒಂದು ಕಡೆ ಬಂದು ನಿಲ್ಲುತ್ತೆ. ಹಾಡುವಾಗ ಮೊದಲ ಸಾಲನ್ನೇ ಪಲ್ಲವಿ ಮಾಡಿಕೊಳ್ಳೋದು ರೂಢಿ, ಇರಲಿ. ಆದರೆ ಅದನ್ನೇ ಹತ್ತು ಸಲ ತಿರುಗಿಸಿ, ನಡುವಿನ ಸಾಲು ನುಂಗಿ, ಅಂಕಿತವನ್ನು ಗಡಿಬಿಡಿಯಲ್ಲಿ ಮುಗಿಸಿದರೆ ವಚನ ಎಲ್ಲಿ ಉಳೀತು? 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ ಇದ್ದ ಕಾಲಕ್ಕೆ ಕತ್ತರಿಸೋಕೆ ಕಾರಣ ಇತ್ತು. ಈಗ ಏನು ಕಾರಣ?

ಮೂರು, ಜಾಗ. ಒಬ್ಬರು ಒಂದು ಸಾಲು ಅಂದ ಮೇಲೆ ಉಳಿದವರು ತಿರುಗಿ ಅನ್ನೋಕೆ ಉಸಿರಿನಷ್ಟು ಜಾಗ ಬೇಕು. ಶ್ರುತಿಯೂ ಊರಿನ ಗಂಟಲಿಗೆ ಎಟುಕಬೇಕು. ಪೇಟಿ, ತಬಲಾ, ತಾಳ ಇಷ್ಟೇ ಇದ್ದು, ಹಿಂದೆ ನಾಯಿ ಬೊಗಳಿದ್ದು ಕೇಳಿಸಿದರೂ ಪರವಾಗಿಲ್ಲ, ಭಜನಿ ಮಂಡಳಿಯ ಮೊಬೈಲ್ ರೆಕಾರ್ಡಿಂಗನ್ನೇ ನಾನು ಸ್ಟುಡಿಯೋದ್ದಕ್ಕಿಂತ ಮುಂದೆ ಇಡ್ತೀನಿ.

ಇನ್ನೊಂದು ಮಾತು, ಇದು ನನ್ನ ಕಸುಬಿಗೆ ಸಂಬಂಧಿಸಿದ್ದು. ನೆಟ್ಟಿನಲ್ಲಿ ಸಿಗೋ ವಚನದ ಫೈಲುಗಳಲ್ಲಿ ಹಾಡಿದವರ ಹೆಸರೇ ಇರೋದಿಲ್ಲ, 'ಟ್ರ್ಯಾಕ್ 07' ಅಂತ ಇರುತ್ತೆ. ಡಾಟಾಬೇಸಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ಒಪ್ಪದ ನಾವು ಇಲ್ಲಿ ಮಾತ್ರ ಒಪ್ಕೋತೀವಿ. ಹಾಡಿದವರು, ವಚನಕಾರರು, ಗೊತ್ತಿದ್ದರೆ ರಾಗ, ಇಷ್ಟನ್ನು ಟ್ಯಾಗಿನಲ್ಲಿ ಕನ್ನಡದಲ್ಲೇ ತುಂಬೋಕೆ ಒಂದು ನಿಮಿಷ ಸಾಕು.

"ರೆಕಾರ್ಡಿಂಗ್ ಐತೆಲ್ಲ, ಗವಾಯಿಗಳನ್ನ ಕರಸೂದು ಯಾಕ, ಸುಮ್ಮನ ಖರ್ಚು" ಅನ್ನೋರಿಗೂ ನನ್ನಲ್ಲಿ ಉತ್ತರ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳೋವರೆಗೆ, ಎಷ್ಟೋ ಅಂಧ ಮಕ್ಕಳಿಗೆ ಹಾಡು ಕಲಿಸಿ ಅನ್ನದ ದಾರಿ ತೋರಿಸಿದರು. ಹಾಗೆ ಕಲಿತವರು ಶ್ರಾವಣದ ಪುರಾಣಕ್ಕೆ ಊರೂರಿಗೆ ಬರೋದರಿಂದಲೇ ಧಾಟಿಗಳು ಜೀವಂತ ಇವೆ. ಎದುರು ಕೂತ ಗವಾಯಿ ನಮ್ಮ ಗಂಟಲು ನೋಡಿ ಶ್ರುತಿ ಇಳಿಸ್ತಾರೆ, ತಪ್ಪಿದ ಸಾಲನ್ನು ಇನ್ನೊಮ್ಮೆ ಹೇಳಿಕೊಡ್ತಾರೆ. ಪೆನ್‌ಡ್ರೈವಿಗೆ ಅದು ಬರಲ್ಲ. ಹೆಚ್ಚೆಂದರೆ ಅದು ಗವಾಯಿಗಳು ಹೋದ ಮೇಲೆ ಪಾಠ ಮರೆಯದಂತೆ ನೋಡಿಕೊಳ್ಳಬಹುದು, ಅಷ್ಟೇ.

ನನ್ನ ಸಲಹೆ ಇಷ್ಟು: ಬೆಳಗಿನ ಮೈಕಿಗೆ ಹತ್ತೇ ವಚನ ಸಾಕು, ಪೂರ್ತಿ ಇರಲಿ, ಹೆಸರು ಇರಲಿ. ಸಂಜೆ ಮೈಕು ಬಂದ್ ಮಾಡಿ. ಹಾಡೋ ಮಂದಿ ಇನ್ನೂ ಇದ್ದಾರೆ, ಅವರಿಗೆ ಸ್ವಲ್ಪ ಸದ್ದಿಲ್ಲದ ಹೊತ್ತು ಬೇಕು. ನೀವೇನಂತೀರಿ?