ಗೋಡೆ ಗೋಡೆಗೂ ನಂಟಿರಲಿ

ಹಬ್ಬ ಹತ್ತಿರ ಬಂತು, ಮನೆಗೆ ಬಣ್ಣ ಹೊಡೆಸೋಣ ಅಂತ ತೀರ್ಮಾನವಾಗುತ್ತದೆ. ಪೇಂಟರ್ ಶೇಡ್ ಕಾರ್ಡ್ ತಂದುಕೊಡುತ್ತಾನೆ. ಹಾಲ್‌ಗೆ ಹಳದಿ ಅಂತಾರೆ ಯಜಮಾನರು, ಊಟದ ಜಾಗಕ್ಕೆ ನೀಲಿ ಅಂತಾನೆ ಮಗ, ಅಡುಗೆಮನೆಗೆ ಪೇಂಟರೇ ಪಿಂಕ್ ಆರಿಸಿಬಿಡುತ್ತಾನೆ. ಒಂದೊಂದೂ ಚೆಂದವೇ. ಆದರೆ ಸೋಫಾದಲ್ಲಿ ಕೂತರೆ ಮೂರೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಮನೆ ತುಂಡು ತುಂಡಾಗಿ, ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

ಈಗಿನ ಎಷ್ಟೋ ಫ್ಲಾಟ್‌ಗಳಲ್ಲಿ ಹಾಲ್, ಊಟದ ಜಾಗ, ಅಡುಗೆಮನೆ ಮಧ್ಯೆ ಗೋಡೆಯೇ ಇರೋದಿಲ್ಲ. ಹಾಗಾಗಿ ಕೋಣೆಗೊಂದು ಬಣ್ಣ ಅನ್ನೋ ಲೆಕ್ಕ ಬಿಡಿ. ಒಂದು ಕಡೆ ನಿಂತರೆ ಏನೇನು ಕಾಣುತ್ತೋ ಅಷ್ಟನ್ನೂ ಒಂದೇ ಕೋಣೆ ಅಂದುಕೊಳ್ಳಿ.

ಮೊದಲು ಬದಲಾಯಿಸಲಾಗದ್ದನ್ನು ನೋಡಿ: ನೆಲದ ಟೈಲ್ಸ್, ಅಡುಗೆ ಕಟ್ಟೆಯ ಗ್ರಾನೈಟ್, ಬಾಗಿಲು. ನೆಲ ಕೆನೆ ಬಣ್ಣದ್ದಾದರೆ ಗೋಡೆಗೂ ಕೆನೆ, ತಿಳಿ ಮರಳಿನ ಬಣ್ಣ ಒಪ್ಪುತ್ತದೆ. ಅದನ್ನೇ ಮೂಲ ಬಣ್ಣ ಮಾಡಿಕೊಂಡು, ಊಟದ ಜಾಗಕ್ಕೆ ಅದೇ ಪಟ್ಟಿಯಲ್ಲಿ ಒಂದೆರಡು ಮೆಟ್ಟಿಲು ಗಾಢವಾದ ಶೇಡ್ ಆರಿಸಿ. ಗಾಢ ಬಣ್ಣದ ಆಸೆಯಿದ್ದರೆ ಒಂದೇ ಗೋಡೆಗೆ ಸಾಕು. ಅದೇ ಬಣ್ಣ ಪಕ್ಕದ ಕೋಣೆಯ ಪರದೆಯಲ್ಲೋ ಕುಶನ್‌ನಲ್ಲೋ ಮತ್ತೆ ಕಂಡರೆ ಎರಡಕ್ಕೂ ನಂಟು ಬೆಳೆಯುತ್ತದೆ. ಸೀಲಿಂಗ್ ಎಲ್ಲಾ ಕಡೆ ಒಂದೇ ಬಿಳಿ ಇರಲಿ. ಬಣ್ಣ ಬದಲಾಗೋದು ಒಳಮೂಲೆಯಲ್ಲೋ ತೊಲೆಯ ಹತ್ತಿರವೋ ಆಗಲಿ, ಗೋಡೆಯ ನಡುವೆ ಬೇಡ. ಅಡುಗೆಮನೆಗೆ ಒರೆಸಿದರೆ ಜಿಡ್ಡು ಹೋಗುವಂಥ ಪೇಂಟ್ ಇರಲಿ.

ಬೆರಳಗಲದ ಶೇಡ್ ಕಾರ್ಡ್ ನೋಡಿ ಮಾತ್ರ ಒಪ್ಪಬೇಡಿ. ಗೋಡೆಯ ಮೇಲೆ ಎರಡಡಿ ಚೌಕಕ್ಕೆ ಎರಡು ಕೋಟ್ ಹೊಡೆಸಿ, ಪೂರ್ತಿ ಒಣಗಲು ಬಿಡಿ. ಬೆಳಿಗ್ಗೆ, ಸಂಜೆ, ರಾತ್ರಿ ದೀಪ ಹಾಕಿದಾಗ ನೋಡಿ. ಪಡುವಣ ಬಿಸಿಲು ಬೀಳುವ ಕೋಣೆಯಲ್ಲಿ ಹಳದಿ ಇನ್ನೂ ಕೆಂಪೇರುತ್ತದೆ. ಉತ್ತರದ ಬೆಳಕಲ್ಲಿ ನೀಲಿ, ಬೂದು ಬಣ್ಣಗಳು ಮಂಕಾಗುತ್ತವೆ. ಒಪ್ಪಿದ ಶೇಡಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಟಚ್‌ಅಪ್‌ಗೆ ಬೇಕಾಗುತ್ತದೆ.

ಇಷ್ಟೆಲ್ಲಾ ನೋಡೋಕೆ ಪೇಂಟರ್‌ಗೆ ಪುರುಸೊತ್ತಿಲ್ಲ, ಬೆಳಿಗ್ಗೆ ಆಫೀಸಿಗೆ ಹೋಗಿ ರಾತ್ರಿ ಬರುವವರಿಗೆ ಹಗಲಿನ ಗೋಡೆಯೇ ಕಾಣೋದಿಲ್ಲ. ಯಾವ ಹೊತ್ತಿಗೆ ಯಾವ ಮೂಲೆ ಬೆಳಗುತ್ತದೆ, ಯಾವುದು ಕತ್ತಲಾಗುತ್ತದೆ ಅಂತ ಗೊತ್ತಿರೋದು ದಿನವಿಡೀ ಮನೆಯಲ್ಲಿರುವ ನಿಮಗೇ. ಆದರೂ ‘ನಿಮಗೆ ಯಾವುದಿಷ್ಟವೋ ಅದೇ ಹೊಡೆಸಿ’ ಅಂತ ಸುಮ್ಮನಾಗಿಬಿಡುತ್ತೇವೆ. ಖರ್ಚೇನು ಕಡಿಮೆಯಲ್ಲ, ಒಮ್ಮೆ ಹೊಡೆಸಿದರೆ ವರ್ಷಗಟ್ಟಲೆ ಅದನ್ನೇ ನೋಡುತ್ತಿರಬೇಕು. ಈ ಸಲ ಶೇಡ್ ಕಾರ್ಡ್ ಮೊದಲು ನಿಮ್ಮ ಕೈಗೆ ಬರಲಿ.