ಮೊದಲು ದಾರ, ಕಲ್ಲು, ಆಮೇಲೆ ಜಾಲತಾಣ

ಮಕ್ಕಳೇ,

ನಿಮ್ಮ ಶಾಲೆಯಲ್ಲಿ ಗಣಕಯಂತ್ರವಿದೆಯೇ? ಇಲ್ಲದಿದ್ದರೂ ನಿಮ್ಮ ಮೇಷ್ಟ್ರೋ ಟೀಚರೋ ತಮ್ಮ ಮೊಬೈಲಿನಲ್ಲಿ ವಿಜ್ಞಾನದ ಜಾಲತಾಣಗಳನ್ನು ತೋರಿಸಿರಬಹುದು. ತೋರಿಸಲಿ, ಒಳ್ಳೆಯದೇ. ಆದರೆ ಅವನ್ನು ಯಾವಾಗ ನೋಡಬೇಕು ಎಂಬ ಬಗ್ಗೆ ನನ್ನದೊಂದು ಅಭಿಪ್ರಾಯವಿದೆ.

ಒಮ್ಮೆ ಒಂದು ಶಾಲೆಯಲ್ಲಿ ಏಳನೆಯ ತರಗತಿಗೆ 'ಫೆಟ್' ಎಂಬ ಜಾಲತಾಣದ ಲೋಲಕವನ್ನು ತೋರಿಸಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು 2002ರಲ್ಲಿ ಆರಂಭಿಸಿದವರು ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಕಾರ್ಲ್ ವೀಮನ್. ಇದನ್ನು ಬಳಸಲು ಹಣ ಕೊಡಬೇಕಿಲ್ಲ. ಪರದೆಯ ಮೇಲೆಯೇ ದಾರದ ಉದ್ದ, ಗುಂಡಿನ ತೂಕ ಬದಲಿಸಬಹುದು. ಮಕ್ಕಳೆಲ್ಲ ಖುಷಿಯಿಂದ ನೋಡಿದರು. ಪಾಠ ಮುಗಿಯಿತು ಎಂದುಕೊಂಡೆ. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಈ ಗುಂಡು ನಿಲ್ಲುವುದೇ ಇಲ್ಲವಲ್ಲ! ನಮ್ಮ ಮನೆಯ ತೊಟ್ಟಿಲು ತೂಗಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ" ಎಂದಳು.

ನನಗೆ ನಾಚಿಕೆಯಾಯಿತು. ಪರದೆಯಲ್ಲಿ ಘರ್ಷಣೆ ಸೊನ್ನೆಗಿತ್ತು. ಅದನ್ನು ನಾನು ಹೇಳಿರಲಿಲ್ಲ. ಪರದೆಯ ಲೋಲಕ ಒಂದು ಲೆಕ್ಕ ಮಾತ್ರ. ತೊಟ್ಟಿಲಿಗೆ ಗಾಳಿ ತಡೆಯೊಡ್ಡುತ್ತದೆ, ಹಗ್ಗ ಉಜ್ಜುತ್ತದೆ, ಆದ್ದರಿಂದ ನಿಲ್ಲುತ್ತದೆ. ತೊಟ್ಟಿಲು ತೂಗಿದವಳಿಗೆ ಆ ಪ್ರಶ್ನೆ ಹೊಳೆಯಿತು. ಪರದೆಯನ್ನಷ್ಟೇ ನೋಡಿದ್ದರೆ ಹೊಳೆಯುತ್ತಿತ್ತೇ?

ಅದಕ್ಕೇ ಹೇಳುತ್ತೇನೆ: ಕೈಯಲ್ಲಿ ಮಾಡಬಹುದಾದುದನ್ನು ಮೊದಲು ಕೈಯಲ್ಲೇ ಮಾಡಿ. ದಾರಕ್ಕೆ ಕಲ್ಲು ಕಟ್ಟಿ ಕಿಟಕಿಯ ಸರಳಿಗೆ ತೂಗುಬಿಡಿ. ಗಂಟಿನಿಂದ ಕಲ್ಲಿನ ನಡುಭಾಗದವರೆಗೆ 1 ಮೀಟರ್ ಇರಲಿ. ಸ್ವಲ್ಪವೇ ಎಳೆದು ಬಿಟ್ಟು, ಹೋಗಿ ಬಂದದ್ದು ಒಂದು ಎಂದು 10 ಆಂದೋಲನ ಎಣಿಸಿ. ಸುಮಾರು 20 ಸೆಕೆಂಡು ಹಿಡಿಯುತ್ತದೆ. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ? ಸುಮಾರು 10 ಸೆಕೆಂಡು. ಉದ್ದ ಕಾಲು ಭಾಗವಾದರೆ ಸಮಯ ಅರ್ಧವಾಗುತ್ತದೆ! ಇನ್ನು ಭಾರದ ಕಲ್ಲು ಕಟ್ಟಿದರೆ ಏನಾಗುತ್ತದೆ? ಉತ್ತರವನ್ನು ನಾನು ಹೇಳುವುದಿಲ್ಲ, ನೀವೇ ಎಣಿಸಿ.

ಹಾಗಾದರೆ ಜಾಲತಾಣ ಬೇಡವೇ? ಖಂಡಿತ ಬೇಕು. ನಾವು ಚಂದ್ರನ ಮೇಲೆ ಹೋಗಿ ಕಲ್ಲು ತೂಗಿಬಿಡಲಾರೆವು. ಫೆಟ್‌ನಲ್ಲಿ 'ಚಂದ್ರ' ಎಂದು ಆರಿಸಿದರೆ ಅದೇ 1 ಮೀಟರ್ ಲೋಲಕದ 10 ಆಂದೋಲನಕ್ಕೆ ಸುಮಾರು 49 ಸೆಕೆಂಡು ಹಿಡಿಯುವುದು ಕಾಣುತ್ತದೆ. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗದಷ್ಟೇ ಇರುವುದೇ ಇದಕ್ಕೆ ಕಾರಣ. ಕಿಟಕಿಯ ಬಳಿ 20 ಎಣಿಸಿದವರಿಗೆ ಮಾತ್ರ ಈ 49ರ ಬೆಲೆ ಗೊತ್ತಾಗುತ್ತದೆ.

ಇನ್ನು ಕೆಲವು ತಾಣಗಳು ನಮ್ಮನ್ನು ಕೈಕೆಲಸಕ್ಕೇ ಹಚ್ಚುತ್ತವೆ. 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರ ತಾಣ ಅಂಥದು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ಹಳೆಯ ಕಾಗದ ಇಂಥವುಗಳಿಂದ ಆಟಿಕೆ ಮಾಡುವುದನ್ನು ಅಲ್ಲಿ ತೋರಿಸಿದ್ದಾರೆ. ಅದನ್ನು ನೋಡಿದ ಮೇಲೆ ಸುಮ್ಮನೆ ಕೂರಲು ಮನಸ್ಸಾಗುವುದಿಲ್ಲ. ಒಳ್ಳೆಯ ಜಾಲತಾಣದ ಗುರುತು ಇದೇ ಎಂದು ನನ್ನ ಭಾವನೆ.

"ಪಾಠ ಮುಗಿಸಬೇಕು, ಸಮಯವಿಲ್ಲ" ಎಂದು ಕೆಲವು ಶಿಕ್ಷಕರು ಹೇಳುವುದುಂಟು. ಅವರ ಕಷ್ಟ ನನಗೂ ಗೊತ್ತು, ನಾನೂ ಮೇಷ್ಟ್ರೇ. ಆದರೆ ದಾರ ಮತ್ತು ಕಲ್ಲಿಗೆ ಒಂದು ಪೀರಿಯಡ್ ಸಾಕು, ಕರೆಂಟೂ ಬೇಡ.

ಆದ್ದರಿಂದ ಮಕ್ಕಳೇ, ಮುಂದಿನ ಸಲ ಪರದೆಯ ಮುಂದೆ ಕುಳಿತಾಗ, "ಇದನ್ನು ನಾವೇ ಮಾಡಿ ನೋಡೋಣವೇ?" ಎಂದು ನಿಮ್ಮ ಶಿಕ್ಷಕರನ್ನು ಕೇಳಿ. ಪರದೆಯಲ್ಲಿ ಕಂಡದ್ದಕ್ಕೂ ನೀವು ಮಾಡಿದ್ದಕ್ಕೂ ವ್ಯತ್ಯಾಸ ಬಂದರೆ ಹೆದರಬೇಡಿ. ಎದ್ದು ನಿಂತು ಕೇಳಿ. ಆ ಹುಡುಗಿ ಕೇಳಿದ್ದರಿಂದಲೇ ಅಂದು ನಾನೂ ಒಂದು ಪಾಠ ಕಲಿತೆ.