ಹಾಡುವವರು ಹೊರಟುಹೋದ ಮೇಲೂ

ಅಮೆರಿಕದ ಯೇಲ್ ವಿಶ್ವವಿದ್ಯಾಲಯವಿರುವ ನ್ಯೂ ಹೇವನ್ ಊರಿನಲ್ಲಿ ಮೋರೀಸ್ ಎಂಬ ಹಳೆಯ ಕ್ಲಬ್ಬಿದೆ. ಸೋಮವಾರ ರಾತ್ರಿ ಅಲ್ಲಿ ಊಟಕ್ಕೆ ಕುಳಿತವರ ಮುಂದೆ ಹದಿನಾಲ್ಕು ವಿದ್ಯಾರ್ಥಿಗಳು ಬಂದು ನಿಂತು ಹಾಡುತ್ತಾರೆ. ಪಿಯಾನೊ ಇಲ್ಲ, ಗಿಟಾರಿಲ್ಲ, ಬರೀ ಕೊರಳು. 1909ರಲ್ಲಿ ಶುರುವಾದ ಈ ತಂಡದ ಹೆಸರು ವಿಫೆನ್‌ಪೂಫ್ಸ್. ತಂಡಕ್ಕೆ ನೂರು ದಾಟಿದೆ, ಆದರೆ ಅದರಲ್ಲಿ ಹಾಡುವವರ ಅವಧಿ ಒಂದೇ ವರ್ಷ. ವರ್ಷ ಕಳೆದರೆ ಹದಿನಾಲ್ಕೂ ಜನ ಹೊರಡುತ್ತಾರೆ, ಹೊಸ ಹದಿನಾಲ್ಕು ಜನ ಬಂದು ಅದೇ ಜಾಗದಲ್ಲಿ ನಿಲ್ಲುತ್ತಾರೆ.

ಸಮೂಹಗಾಯನಕ್ಕೆ ಮೀಸಲಾದ ಈ ಸಂಚಿಕೆಯನ್ನು ಸಿದ್ಧಪಡಿಸುವಾಗ ನನ್ನನ್ನು ಬಿಡದೆ ಕಾಡಿದ್ದು ಇದೇ. ಹಾಡುವವರೇ ನಿಲ್ಲದ ಕಡೆ ಹೆಸರು ಹೇಗೆ ನಿಲ್ಲುತ್ತದೆ?

ವಾದ್ಯವಿಲ್ಲದ ಈ ಹಾಡುಗಾರಿಕೆಗೆ ಅಲ್ಲಿ ಅಕಪೆಲ್ಲಾ ಎನ್ನುತ್ತಾರೆ. ಒಬ್ಬರು ಹಾಡಿದರೆ ಉಳಿದವರ ಕೊರಳೇ ತಂತಿ, ತುತ್ತೂರಿ, ಡ್ರಮ್ಮು. ಕೊನ್ನಕ್ಕೋಲು ಕೇಳಿ ಬೆಳೆದ ನಮಗೆ ಬಾಯಿಯಲ್ಲಿ ಲಯ ನುಡಿಸುವುದು ಹೊಸತಲ್ಲ. ನನ್ನ ಗಮನ ಸೆಳೆದದ್ದು ಅವರು ಕೇಳುಗರನ್ನು ಸಂಪಾದಿಸುವ ರೀತಿ. ಪ್ರಿನ್ಸ್‌ಟನ್ನಿನಲ್ಲಿ ಕಲ್ಲಿನ ಕಮಾನುಗಳ ಕೆಳಗೆ ನಿಂತು ಹಾಡುವ ರೂಢಿಯಿದೆ. ಕಲ್ಲೇ ದನಿಯನ್ನು ತುಂಬಿಕೊಡುತ್ತದೆ, ಮೈಕು ಬೇಡ, ಟಿಕೆಟ್ಟೂ ಇಲ್ಲ. ದಾರಿಹೋಕ ವಿದ್ಯಾರ್ಥಿ ಬ್ಯಾಗು ಹೆಗಲಲ್ಲಿಟ್ಟುಕೊಂಡೇ ನಿಂತು ಕೇಳುತ್ತಾನೆ. ಹಾಗೆ ಕೇಳಿದವನೇ ಮುಂದೆ ಆಯ್ಕೆಯ ಪರೀಕ್ಷೆಗೆ ಬಂದು ನಿಲ್ಲಬಹುದು. ಕೇಳುಗರ ನಡುವಿನಿಂದಲೇ ಹಾಡುಗಾರರು ಹುಟ್ಟುವ ಈ ಸುತ್ತು ಕಡಿಯದಿದ್ದರೆ ತಂಡ ಉಳಿಯುತ್ತದೆ.

ಸ್ಪರ್ಧೆಗಳೂ ಇವೆ. 1996ರಲ್ಲಿ ಆರಂಭವಾದ ಕಾಲೇಜು ತಂಡಗಳ ಚಾಂಪಿಯನ್‌ಶಿಪ್ಪು 2012ರ 'ಪಿಚ್ ಪರ್ಫೆಕ್ಟ್' ಸಿನಿಮಾದಿಂದ ಮನೆಮಾತಾಯಿತು. ಆದರೆ ಬಹುಮಾನಕ್ಕಿಂತ ದೊಡ್ಡ ಪಾಠ ಇಂಡಿಯಾನಾ ವಿಶ್ವವಿದ್ಯಾಲಯದ ಸ್ಟ್ರೇಟ್ ನೋ ಚೇಸರ್ ತಂಡದ್ದು. ಅವರು 1998ರಲ್ಲಿ ಹಾಡಿದ್ದ ಒಂದು ಕ್ರಿಸ್‌ಮಸ್ ಹಾಡಿನ ವಿಡಿಯೊವನ್ನು ಹಳೆಯ ಸದಸ್ಯರೊಬ್ಬರು 2006ರಲ್ಲಿ ಯೂಟ್ಯೂಬಿಗೆ ಹಾಕಿದರು. ಹಾಡಿದವರೆಲ್ಲ ಆ ಹೊತ್ತಿಗೆ ಓದು ಮುಗಿಸಿ ಕ್ಯಾಂಪಸ್ಸು ಬಿಟ್ಟು ವರ್ಷಗಳಾಗಿದ್ದವು. ಲಕ್ಷಾಂತರ ಜನ ನೋಡಿದರು, ಅಟ್ಲಾಂಟಿಕ್ ರೆಕಾರ್ಡ್ಸ್ ಕರೆಯಿತು, 2008ರಲ್ಲಿ ಆಲ್ಬಮ್ ಬಂತು. ಹಳಬರು ಆ ಹೆಸರಿನಲ್ಲೇ ವೃತ್ತಿಗಿಳಿದರು. ಕಾಲೇಜಿನಲ್ಲಿ ಹಾಡುತ್ತಿದ್ದ ಹುಡುಗರು ತಮ್ಮ ತಂಡಕ್ಕೆ 'ಅನದರ್ ರೌಂಡ್' ಎಂದು ಬೇರೆ ಹೆಸರಿಟ್ಟುಕೊಳ್ಳಬೇಕಾಯಿತು. ಕೀರ್ತಿ ಬಂದದ್ದೇ ಹೆಸರು ಕೈಬಿಟ್ಟಿತು. ನನಗೆ ಆ ಹುಡುಗರ ಮೇಲೇ ಹೆಚ್ಚು ಅಭಿಮಾನ, ಅವರು ಹಾಡು ನಿಲ್ಲಿಸಲಿಲ್ಲ.

ನಮಗೆ ಇನ್ನೂ ಹತ್ತಿರದ್ದು ಪೆನ್ ಮಸಾಲಾ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಕಟ್ಟಿದ ತಂಡ. ಮನೆಯಲ್ಲಿ ಅಪ್ಪ ಅಮ್ಮನ ಹಿಂದಿ ಸಿನಿಮಾ ಹಾಡು, ಹೊರಗೆ ರೇಡಿಯೊದಲ್ಲಿ ಇಂಗ್ಲಿಷ್ ಪಾಪ್. ಎರಡನ್ನೂ ಕೇಳಿ ಬೆಳೆದ ಮಕ್ಕಳು ಎರಡನ್ನೂ ಒಂದೇ ಹಾಡಿನಲ್ಲಿ ಹೆಣೆದರು. ತಮ್ಮಂಥ ಕೇಳುಗರು ಅಮೆರಿಕದ ತುಂಬ ಇದ್ದಾರೆ, ಅವರಿಗಾಗಿ ಹೀಗೆ ಹಾಡುವವರು ಇಲ್ಲ ಎಂಬುದನ್ನು ಅವರು ಕಂಡುಕೊಂಡರು. 2009ರಲ್ಲಿ ಶ್ವೇತಭವನದ ದೀಪಾವಳಿಯಲ್ಲಿ ಹಾಡಿದರು. 2015ರಲ್ಲಿ 'ಪಿಚ್ ಪರ್ಫೆಕ್ಟ್ 2'ರಲ್ಲಿ ಕಾಣಿಸಿಕೊಂಡರು. ಆ ಹೊತ್ತಿಗೆ ಮೊದಲ ತಲೆಮಾರಿನವರು ಕಾಲೇಜು ಬಿಟ್ಟು ಎಷ್ಟೋ ವರ್ಷವಾಗಿತ್ತು.

ನಮ್ಮ ಯುವಜನೋತ್ಸವಗಳಲ್ಲಿ ಎಂಥ ಚೆಂದದ ಸಮೂಹಗಾನ ಕೇಳಿದ್ದೇನೆ! ಆದರೆ ನಾನು ಕಂಡಂತೆ ಹೆಚ್ಚಿನ ತಂಡಗಳು ಸ್ಪರ್ಧೆಗೆಂದು ಕೂಡಿ ಬಹುಮಾನ ಬಂದ ಮರುದಿನ ಚದುರುತ್ತವೆ. ತಂಡಕ್ಕೊಂದು ಹೆಸರಿರುವುದಿಲ್ಲ, ಕಿರಿಯರಿಗೆ ದಾಟಿಸುವ ಹಾಡಿನ ಪುಸ್ತಕವಿರುವುದಿಲ್ಲ. ದನಿಗೇನೂ ಕೊರತೆಯಿಲ್ಲದ ಕಡೆ ಹೀಗಾಗುವುದು ನನಗೆ ನೋವು.

ನೀವು ಕಾಲೇಜಿನಲ್ಲಿ ಗೆಳೆಯರೊಡನೆ ತಂಡ ಕಟ್ಟಿ ಹಾಡಿದವರಾದರೆ, ಆ ತಂಡ ನಿಮ್ಮ ನಂತರವೂ ನಡೆದಿದ್ದರೆ, ದಯವಿಟ್ಟು ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದೇ ಪುಟಗಳನ್ನು ಬಿಟ್ಟುಕೊಂಡಿದ್ದೇವೆ.